ಒಪ್ಪುವ ಬಣ್ಣ

ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು. ತುಳಸಿ ಲಗ್ನ ಮುಗಿದ ಮೇಲೆ ತಮ್ಮನ ಮದುವೆ. ಬಟ್ಟೆ ತರಲೆಂದು ಅಪ್ಪ, ಅವ್ವ, ತಮ್ಮ, ನಾನು ಹುಬ್ಬಳ್ಳಿಗೆ ಹೋಗಿದ್ದೆವು. ಸೀರೆಗಳು ನೆಲಮಹಡಿಯಲ್ಲೇ ಎರಡು ತಾಸು ತಿಂದವು. ಗಂಡಸರ ಬಟ್ಟೆ ಮೂರನೆಯ ಮಹಡಿಯಲ್ಲಿ. ಅಲ್ಲಿ ತಲೆಯಿಲ್ಲದ ಗೊಂಬೆಗಳು ಶೇರ್ವಾನಿ ತೊಟ್ಟು ಸಾಲಾಗಿ ನಿಂತಿದ್ದವು. ತಮ್ಮನಿಗೆ ಬೇಕಾದದ್ದನ್ನು ಹೆಣ್ಣಿನ ಕಡೆಯವರು ಫೋಟೊ ಸಮೇತ ಮೊದಲೇ ಕಳಿಸಿದ್ದರು, ಅದು ಬೇಗ ಮುಗಿಯಿತು. ನನಗೆಂದು ನಾನು ರಾಣಿ ಪಿಂಕ್ ಬಣ್ಣದ ಒಂದು ಜುಬ್ಬಾ ಎತ್ತಿಕೊಂಡೆ. ಕೊರಳಿಗೆ ಸಣ್ಣ ಜರಿಯ ಎಳೆ ಬಿಟ್ಟರೆ ಬೇರೆ ಕುಸುರಿ ಇಲ್ಲ. ಕನ್ನಡಿಯ ಮುಂದೆ ಹಿಡಿದು ನಿಂತಿದ್ದಾಗ ಅಂಗಡಿಯ ಹುಡುಗ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಬಹಳ ಸೌಜನ್ಯದಿಂದಲೇ ಹೇಳಿದ: "ಸರ್, ತಪ್ಪ ತಿಳ್ಕೋಬ್ಯಾಡ್ರಿ. ಇದು ನಿಮ್ಮ ಕಲರಿಗೆ ಒಪ್ಪಂಗಿಲ್ರಿ. ಸ್ವಲ್ಪ ಬೆಳ್ಳಗ ಇದ್ದವ್ರಿಗೆ ಛಲೋ ಕಾಣ್ತೈತಿ. ನೀವು ಮರೂನ್ ನೋಡ್ರಿ, ಇಲ್ಲಂದ್ರ ನೇವಿ ಬ್ಲೂ."

ನಾನು ಜುಬ್ಬಾ ಮಡಚಿ ವಾಪಸ್ ಇಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಅದರ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒಮ್ಮೆ ಉಜ್ಜಿ ಬಿಟ್ಟರು.

ಊರಿಗೆ ಬರುವ ಬಸ್ಸಿನಲ್ಲಿ ಆ 'ಒಪ್ಪಂಗಿಲ್ಲ' ಎಂಬ ಮಾತು ಕಿವಿಯಲ್ಲೇ ಕೂತಿತ್ತು. 'ಒಪ್ಪು' ವಿಚಿತ್ರವಾದ ಪದ. ಹಳಗನ್ನಡದಲ್ಲಿ ಅದು ಚೆಲುವು, ಒಪ್ಪುವುದೆಂದರೆ ಶೋಭಿಸುವುದು. ಇಂದಿನ ಮಾತಿನಲ್ಲಿ ಅದು ಸಮ್ಮತಿ. ಬಟ್ಟೆಯ ಅಂಗಡಿಯಲ್ಲಿ ಎರಡೂ ಅರ್ಥ ಒಟ್ಟಿಗೆ ಕೆಲಸ ಮಾಡುತ್ತವೆ. ಈ ಬಣ್ಣ ನಿನಗೆ ಒಪ್ಪುವುದಿಲ್ಲ ಎಂದರೆ ನಿನ್ನ ಮೈಮೇಲೆ ಇದು ಚೆಂದ ಕಾಣುವುದಿಲ್ಲ ಎಂದಷ್ಟೇ ಅಲ್ಲ, ನೋಡುವ ಯಾರೋ ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ ಎಂದೂ ಹೌದು. ಆ ಯಾರೋ ಯಾರು ಎನ್ನುವುದು ಈ ಬರಹದ ಪ್ರಶ್ನೆ. ಮದುವೆಯ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವನು ನಾನು. ಮೂರನೆಯ ಅಧ್ಯಾಯ ಬರೆಯಬೇಕಾದ ಹೊತ್ತಿನಲ್ಲಿ ಜುಬ್ಬಾದ ಬಗ್ಗೆ ಬರೆಯುತ್ತಿರುವುದಕ್ಕೆ ನನ್ನ ಮಾರ್ಗದರ್ಶಕರು ಕ್ಷಮಿಸಲಿ.

ಶ್ರಾವಣ ಹಿಡಿದು ದೀಪಾವಳಿಯ ತನಕ ಪತ್ರಿಕೆಗಳ ಪುರವಣಿಯಲ್ಲೂ ಮೊಬೈಲಿನ ಪರದೆಯಲ್ಲೂ ಒಂದು ಬಗೆಯ ಬರಹ ಹೇರಳವಾಗಿ ಬೆಳೆಯುತ್ತದೆ. ಹಬ್ಬಕ್ಕೆ ಗಂಡಸರು ಏನು ತೊಡಬೇಕು ಎಂಬ ಬರಹ. ಹಗಲಿನ ಪೂಜೆಗೆ ತಿಳಿ ಬಣ್ಣ, ಸಂಜೆಗೆ ಗಾಢ ಬಣ್ಣ; ಜುಬ್ಬಾ ಸಾದಾ ಇದ್ದರೆ ಮೇಲಿನ ಕೋಟು ಕುಸುರಿಯದಿರಲಿ; ಪಾಯಜಾಮ ದಂತವರ್ಣದ್ದಿರಲಿ; ಮೋಜಡಿಯ ಬಣ್ಣ ದುಪ್ಪಟ್ಟಾಕ್ಕೆ ಹೊಂದಲಿ. ಇವನ್ನು ಕಡೆಗಣ್ಣಿನಿಂದ ನೋಡಿ ನಗುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸುಲಭ. ನಾನು ನಗುವುದಿಲ್ಲ. ಇದೊಂದು ಪ್ರಕಾರ, ಇದಕ್ಕೊಂದು ವ್ಯಾಕರಣವಿದೆ, ಮತ್ತು ಇದರ ಸಲಹೆಗಳಲ್ಲಿ ಅರ್ಧದಷ್ಟು ನಿಜಕ್ಕೂ ಉಪಯುಕ್ತ. ಒಂದು ಉಡುಪಿನಲ್ಲಿ ಒಂದೇ ಕಡೆ ಕಣ್ಣು ನಿಲ್ಲಬೇಕು ಎಂಬ ಮಾತು ಒಳ್ಳೆಯ ಕಥೆಗಾರನಿಗೂ ಹೇಳಬಹುದಾದದ್ದೇ.

ನನ್ನ ತಕರಾರು ಬೇರೆ. ಈ ಬರಹಗಳಲ್ಲಿ ಬರುವ 'ನೀವು' ಯಾವಾಗಲೂ ಒಂಟಿ. ಆತನಿಗೆ ಒಂದು ಕನ್ನಡಿ ಇದೆ, ಒಂದು ಕ್ಯಾಮೆರಾ ಇದೆ, ಒಂದು 'ಸ್ಕಿನ್ ಟೋನ್' ಇದೆ. ಬಟ್ಟೆ ಕೊಟ್ಟ ಸೋದರಮಾವ ಇಲ್ಲ, ನೇಯ್ದವರಿಲ್ಲ, ನಾಳೆ ಒಗೆಯುವವರಂತೂ ಇಲ್ಲವೇ ಇಲ್ಲ. ಕನ್ನಡದಲ್ಲಿ ಬಹುಮಾನಕ್ಕೆ, ಕೊಡುಗೆಗೆ ಇರುವ ಹೆಸರು ಉಡುಗೊರೆ. ಆ ಪದದೊಳಗೇ 'ಉಡು' ಇದೆ, ಉಡಲು ಕೊಟ್ಟದ್ದು ಎಂಬುದು ಅದರ ಮೂಲ ಅರ್ಥ. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುವಾಗ ಯಾರು ಯಾರಿಗೆ ಯಾವ ಬಟ್ಟೆ ಕೊಟ್ಟರು ಎಂಬುದು ವರ್ಷಗಟ್ಟಲೆ ನೆನಪಿರುತ್ತದೆ, ಜಗಳಕ್ಕೂ ಒದಗುತ್ತದೆ. ಹಬ್ಬದ ಬಟ್ಟೆ ಗಂಡಸಿನ ಮೈಗೆ ಬರುತ್ತಿದ್ದದ್ದು ಹೆಚ್ಚಾಗಿ ಇನ್ನೊಬ್ಬರ ಕೈಯಿಂದ. ಈ ಪದ್ಧತಿಯ ಕೊನೆಯ ಕುರುಹು ನಮ್ಮ ಸಾಹಿತ್ಯ ಸಮಾರಂಭಗಳಲ್ಲೇ ಉಳಿದಿದೆ: ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪೇಟ ಯಾರ ತಲೆಗೂ ಸರಿಯಾಗಿ ಕೂರುವುದಿಲ್ಲ, ಯಾರೂ ತಮ್ಮ ಮೈಬಣ್ಣಕ್ಕೆ ಶಾಲು ಒಪ್ಪುತ್ತದೋ ಇಲ್ಲವೋ ಎಂದು ನೋಡುವುದೂ ಇಲ್ಲ.

ಗಂಡಸಿನ ಉಡುಪಿಗೆ ಸಲಹೆ ಕೊಡುವ ಬರಹ ನಮ್ಮ ನೆಲಕ್ಕೆ ಹೊಸದೇನಲ್ಲ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಅಂದಿನ ಕಲ್ಯಾಣ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ಮೂರನೆಯ ವಿಂಶತಿ ಪೂರ್ತಿ ದೊರೆಯ ಉಪಭೋಗಗಳದ್ದು. ಸ್ನಾನ, ತಾಂಬೂಲ, ಗಂಧಲೇಪನ, ಆಭರಣ. ಅವುಗಳ ನಡುವೆ 'ವಸ್ತ್ರೋಪಭೋಗ' ಎಂಬ ಭಾಗವಿದೆ. ಸಿಂಹಳ, ಕಳಿಂಗ, ವಂಗ, ಮಹಾಚೀನ, ಗುಜರಾತಿನ ಅಣಹಿಲವಾಡ, ಹೀಗೆ ಎಲ್ಲೆಲ್ಲಿಂದಲೋ ಬಂದ ಬಟ್ಟೆಗಳು ಅಲ್ಲಿವೆ. ಅವುಗಳ ನೂಲು, ಬಣ್ಣ, ಯಾವ ಋತುವಿನಲ್ಲಿ ಯಾವುದನ್ನು ಉಡಬೇಕು ಎಂಬ ವಿವರಗಳಿವೆ. ನಮ್ಮ ಇಂದಿನ ಪುರವಣಿ ಬರಹದ ಮುತ್ತಜ್ಜ ಅದು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸೋಮೇಶ್ವರನ ಪುಸ್ತಕದಲ್ಲಿ ಬಣ್ಣ ಉತ್ತರ ಕೊಡಬೇಕಾದದ್ದು ಋತುವಿಗೆ, ಸಂದರ್ಭಕ್ಕೆ. ಬಿಸಿಲಿಗೆ ಒಂದು, ಮಳೆಗೆ ಒಂದು. ಇಂದಿನ ಬರಹದಲ್ಲಿ ಬಣ್ಣ ಉತ್ತರ ಕೊಡಬೇಕಾದದ್ದು ಚರ್ಮಕ್ಕೆ. ಅರಸನಿಗೆ ಸಲಹೆ ಕೊಡುವವರು ಯಾರೂ "ತಮ್ಮ ಕಲರಿಗೆ ಒಪ್ಪಂಗಿಲ್ಲ ಪ್ರಭು" ಎಂದಿರಲಾರರು ಬಿಡಿ. ಆದರೆ ಇಂದಿನ ಗ್ರಾಹಕನೂ ದೇವರು ಎಂದು ಅಂಗಡಿಯ ಗೋಡೆಯ ಮೇಲೆ ಬರೆದಿರುತ್ತದಲ್ಲ.

ಇದೇ ಕಲ್ಯಾಣದಲ್ಲಿ ಮೂರ್ನಾಲ್ಕು ದಶಕಗಳ ನಂತರ ಇನ್ನೊಬ್ಬನಿದ್ದ. ಮಡಿವಾಳ ಮಾಚಿದೇವ. ಶರಣರ ಬಟ್ಟೆಗಳನ್ನು ಮಾತ್ರ ಒಗೆಯುತ್ತಿದ್ದ, ಭವಿಗಳ ಬಟ್ಟೆ ಮುಟ್ಟುತ್ತಿರಲಿಲ್ಲ ಎಂದು ಪುರಾಣಗಳು ಅವನನ್ನು ಚಿತ್ರಿಸುತ್ತವೆ. ದೊರೆಯ ವಸ್ತ್ರಗಳ ಪಟ್ಟಿ ಬರೆದ ಊರಿನಲ್ಲೇ ದೊರೆಯ ಬಟ್ಟೆ ಒಗೆಯಲೊಲ್ಲದ ಅಗಸ. ಬಟ್ಟೆಯ ಬಗ್ಗೆ ಕನ್ನಡದಲ್ಲಿ ಯೋಚಿಸುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಮಾಚಿದೇವನ ವಿಷಯದಲ್ಲಿ ನನಗೆ ಪಕ್ಷಪಾತವಿದೆ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಿಕೊಳ್ಳುತ್ತೇನೆ. ನಮ್ಮದು ಮಡಿವಾಳರ ಮನೆ. ಅಜ್ಜ ಬಾಗಲಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಊರ ಬಟ್ಟೆ ಒಗೆಯುತ್ತಿದ್ದರು. ಅಪ್ಪ ತಾಲೂಕು ಪಟ್ಟಣದಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾರೆ.

ಹಬ್ಬದ ಮರುದಿನ ಊರಿನ ಹಬ್ಬವೆಲ್ಲ ಗಂಟಾಗಿ ನಮ್ಮ ಮನೆಗೆ ಬರುತ್ತಿತ್ತು ಎಂದು ಅಪ್ಪ ಹೇಳುತ್ತಾರೆ. ಧೋತರದ ಮೇಲೆ ಅನ್ನದ ಗಂಜಿ, ಹೋಳಿಗೆಯ ತುಪ್ಪ, ಕುಂಕುಮ, ಎಲೆ ಅಡಕೆಯ ಕಲೆ. ಯಾವ ಮನೆಯದು ಯಾವುದು ಎಂದು ತಿಳಿಯಲು ಕರಿಗೇರು ಬೀಜದ ರಸದಿಂದ ಮೂಲೆಯಲ್ಲಿ ಹಾಕಿದ ಗುರುತು. ಚೌಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಗೆ ಹಾಕಿ ಬೇಯಿಸಿ, ಹಳ್ಳದ ಕಲ್ಲಿಗೆ ಒಗೆದು, ಬಿಸಿಲಿಗೆ ಹಾಸಿ, ಕೊನೆಗೆ ನೀಲಿಯಲ್ಲಿ ಅದ್ದುವುದು. ನೀಲಿ ಹಾಕದ ಬಿಳಿ ಹಳದಿಗೆ ತಿರುಗುತ್ತದೆ. ಅಂದರೆ ನಾವು ಅಚ್ಚಬಿಳಿ ಎಂದು ಕರೆಯುವುದು ಒಂದು ಹನಿ ನೀಲಿ ಸೇರಿದ ಬಿಳಿ. ಇದನ್ನು ತಿಳಿದಿದ್ದ ಅಜ್ಜ ಸ್ವತಃ ಉಡುತ್ತಿದ್ದದ್ದು ಮಣ್ಣಿನ ಬಣ್ಣಕ್ಕೆ ತಿರುಗಿದ ಒಂದು ತುಂಡು. ಒಂದೇ ಒಂದು ಬಣ್ಣ ಅವರ ಮೈಮೇಲಿತ್ತು, ಕೆಂಪು ರುಮಾಲು.

ಹೀಗಾಗಿ ಗಂಡಸಿನ ಬಿಳಿ ಬಟ್ಟೆಯನ್ನು ಸರಳತೆ ಎಂದು ಯಾರಾದರೂ ಹೊಗಳಿದಾಗ ನನಗೆ ಉಬ್ಬೆಯ ಹಬೆ ನೆನಪಾಗುತ್ತದೆ. ಬಿಳಿಯಷ್ಟು ದುಬಾರಿಯಾದ ಬಣ್ಣ ಇನ್ನೊಂದಿಲ್ಲ. ಅದರ ಬೆಲೆ ಕೊಳ್ಳುವಾಗ ಗೊತ್ತಾಗುವುದಿಲ್ಲ, ವಾರವಾರ ಬೇರೆಯವರ ರಟ್ಟೆ ಅದನ್ನು ತೀರಿಸುತ್ತದೆ. ನಮ್ಮ ಕಥೆ ಕಾದಂಬರಿಗಳಲ್ಲಿ ಊರ ಹಿರಿಯ ಬಂದನೆಂದರೆ ಶುಭ್ರವಾದ ಬಿಳಿ ಪಂಚೆ ಬಂದಂತೆಯೇ. ಹೆಂಗಸರ ಸೀರೆಗೆ ಬಣ್ಣ, ಅಂಚು, ಸೆರಗು, ಊರಿನ ಹೆಸರು ಎಲ್ಲ ಸಿಗುತ್ತವೆ. ಗಂಡಸಿಗೆ 'ಶುಭ್ರ' ಎಂಬ ಒಂದೇ ವಿಶೇಷಣ. ಆ ಶುಭ್ರತೆ ಒಂದು ಗುಣವಾಗಿ ಬರುತ್ತದೆಯೇ ಹೊರತು ಯಾರೋ ಮಾಡಿದ ಕೆಲಸವಾಗಿ ಬರುವುದು ಅಪರೂಪ.

ಗಂಡಸು ಬಣ್ಣ ಬಿಟ್ಟ ಕಥೆಯನ್ನು ಯುರೋಪಿನ ಮಟ್ಟಿಗೆ ಮನೋವಿಜ್ಞಾನಿ ಜೆ. ಸಿ. ಫ್ಲೂಗೆಲ್ 1930ರಲ್ಲೇ ಬರೆದ. ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿನ ಗಂಡಸರು ಥಳಕು, ಬಣ್ಣ, ಕುಸುರಿ ಎಲ್ಲವನ್ನೂ ಹೆಂಗಸರಿಗೆ ಬಿಟ್ಟುಕೊಟ್ಟು ಕೆಲಸಕ್ಕೆ ತಕ್ಕ ಗಂಭೀರ ಉಡುಪಿಗೆ ಸರಿದರು; ಇದು ಗಂಡಸರ ಮಹಾತ್ಯಾಗ ಎಂಬುದು ಅವನ ವಾದ. ನಮ್ಮಲ್ಲಿ ಆ ತ್ಯಾಗ ಎರಡು ಬಾಗಿಲುಗಳಿಂದ ಬಂತು ಎಂದು ನನಗನಿಸುತ್ತದೆ. ಒಂದು ಕಚೇರಿಯ ಬಾಗಿಲು, ಕಪ್ಪು ಕೋಟಿನದು. ಇನ್ನೊಂದು ಖಾದಿಯದು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧೀಜಿ ತುಂಡು ಬಟ್ಟೆಗೆ ಇಳಿದದ್ದು ಬಡವನ ಉಡುಪನ್ನು ತಾನು ಉಡುವ ಪ್ರಯತ್ನವಾಗಿತ್ತು. ಅದರ ನೈತಿಕ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಗಾಂಧಿಯ ನಂತರ ಬಂದವರ ಗರಿಗರಿ ಇಸ್ತ್ರಿಯ ಬಿಳಿ ಜುಬ್ಬಾದ ಬಗ್ಗೆ ನಮ್ಮ ಅಪ್ಪನನ್ನು ಕೇಳಬೇಕು. ಚುನಾವಣೆ ಹತ್ತಿರವಾದಾಗ ಅಂಗಡಿಗೆ ಬರುವ ಬಿಳಿ ಬಟ್ಟೆಗೆ ಅವರು ಗಂಜಿ ಹೆಚ್ಚು ಹಾಕಬೇಕಾಗುತ್ತದೆ. ನಮ್ಮ ಸಾಹಿತ್ಯವಲಯವೂ ಇದಕ್ಕೆ ಹೊರತಲ್ಲ. ವಿಚಾರ ಸಂಕಿರಣಕ್ಕೆ ಹೋದರೆ ಬೂದಿ, ಮಾಸಲು ಕಂದು, ಒಣಹುಲ್ಲಿನ ಬಣ್ಣದ ಜುಬ್ಬಾಗಳ ಒಂದು ಹೊಲವೇ ಕಾಣುತ್ತದೆ. ಹಳದಿ ತೊಟ್ಟವನ ಪ್ರಬಂಧವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬ ಅಲಿಖಿತ ನಿಯಮ ಇರುವಂತಿದೆ.

ಹಾಗಾದರೆ ನಮ್ಮ ಗಂಡಸಿಗೆ ಮೈತುಂಬ ಬಣ್ಣ ಎಲ್ಲಿ ಸಿಗುತ್ತಿತ್ತು? ವೇಷದಲ್ಲಿ. ಯಕ್ಷಗಾನದ ಕೆಂಪು ಹಳದಿ ಚೌಕಳಿಯ ಕಸೆ ಸೀರೆಯಲ್ಲಿ, ನಮ್ಮ ಕಡೆಯ ದೊಡ್ಡಾಟದ ರಾಜ ರಕ್ಕಸರಲ್ಲಿ, ವೀರಗಾಸೆಯವರಲ್ಲಿ. ಬೆಂಗಳೂರಿನ ಕರಗದಲ್ಲಿ ಕರಗ ಹೊರುವ ಗಂಡಸು ಸೀರೆ ಉಟ್ಟು, ಬಳೆ ತೊಟ್ಟು, ದ್ರೌಪದಿಯ ಶಕ್ತಿಯಾಗಿ ನಡೆಯುತ್ತಾನೆ. ಅಲ್ಲಿ ಬಣ್ಣಕ್ಕೆ ಯಾರ ಆಕ್ಷೇಪವೂ ಇಲ್ಲ, ಯಾಕೆಂದರೆ ಬಣ್ಣ ತೊಟ್ಟದ್ದು ಆ ಮನುಷ್ಯನಲ್ಲ, ದೇವರು, ದೊರೆ, ದೈತ್ಯ. ರಂಗದಿಂದ ಇಳಿದ ಮೇಲೆ ಅದೇ ಬಣ್ಣ ತೊಟ್ಟರೆ "ಇದೇನ್ ವೇಷ ಹಾಕ್ಕೊಂಡಿ?" ಎಂಬ ಪ್ರಶ್ನೆ ಬರುತ್ತದೆ. ಹೆಂಗಸಿಗೆ ಬಣ್ಣ ಉಡುಪು, ಗಂಡಸಿಗೆ ಬಣ್ಣ ವೇಷ. ಭಾಷೆಯಲ್ಲೇ ಈ ಭೇದ ಇದೆ.

ವೇಷವಲ್ಲದ ಬಣ್ಣವೂ ಇತ್ತು, ಅದು ಅಂಚಿನಲ್ಲಿತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಬ್ಬಕ್ಕೆ ಬಟ್ಟೆ ಆರಿಸುವವರಿಗೆ ಇದಕ್ಕಿಂತ ಉಪಯೋಗದ ಪಾಠ ನನಗೆ ಗೊತ್ತಿಲ್ಲ. ಧೋತರದ ಮೈ ಬಿಳಿ, ದಡಿ ಕೆಂಪೋ ಹಸಿರೋ ಜರಿಯೋ. ಅಂಗಿ ಬಿಳಿ, ಹೆಗಲ ಮೇಲಿನ ಶಲ್ಯಕ್ಕೆ ಅದೇ ದಡಿ. ತಲೆಗೆ ರುಮಾಲು, ಬಣ್ಣದ್ದು. ನಾಲ್ಕು ಗಜ ದೂರದಿಂದ ನೋಡಿದರೆ ತಲೆಯಲ್ಲೊಂದು ಬಣ್ಣ, ಕಾಲ ಹತ್ತಿರ ಒಂದು ಗೆರೆ, ನಡುವೆ ಖಾಲಿ. ಬಣ್ಣ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಮಾರವಾಡದ ರಾಯಿಕಾ ಕುರಿಗಾಹಿಗಳ ಉಡುಪೂ ಇದೇ ಲೆಕ್ಕದ್ದು: ಮೈಯೆಲ್ಲ ಬಿಳಿ, ತಲೆಗೆ ದೊಡ್ಡ ಕೆಂಪು ಪಾಗು. ಮರಳಿನ ಬಯಲಿನಲ್ಲಿ ಮನುಷ್ಯನನ್ನು ಗುರುತಿಸಲು ಆ ಕೆಂಪು ಒಂದೇ ಸಾಕು. ಕೊಡವರದು ಲೆಕ್ಕ ಅದೇ, ಮೈ ಬೇರೆ. ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ. ಮದುಮಗನಿಗೆ ಮಾತ್ರ ಕುಪ್ಯ ಬಿಳಿಯಾಗುತ್ತದೆ, ಚೇಲೆ ಕೆಂಪಾಗಿಯೇ ಉಳಿಯುತ್ತದೆ. ಹೊಲ ಬದಲಾದರೂ ಬದು ಬದಲಾಗುವುದಿಲ್ಲ.

ಇಂದಿನ ಅಂಗಡಿಯ ಸೆಟ್ಟುಗಳು ಸೋಲುವುದು ಇಲ್ಲಿ. ಜುಬ್ಬಾ ಗುಲಾಬಿ, ಕೋಟು ಗುಲಾಬಿ ಹೂವಿನದು, ದುಪ್ಪಟ್ಟಾ ಗುಲಾಬಿ ಅಂಚಿನದು, ಮೋಜಡಿಯೂ ಗುಲಾಬಿ. ಎಲ್ಲವೂ ಹೊಂದುತ್ತವೆ, ಆದ್ದರಿಂದಲೇ ಯಾವುದೂ ಕಾಣುವುದಿಲ್ಲ. ನಾನು ತಮ್ಮನಿಗೆ ಹೇಳಿದ್ದು ಇಷ್ಟೇ: ಒಂದು ಬಣ್ಣವನ್ನು ನಂಬು, ಅದಕ್ಕೆ ಖಾಲಿ ಜಾಗ ಕೊಡು. ಬಟ್ಟೆಯನ್ನು ಅಂಗಡಿಯ ದೀಪದಡಿ ನೋಡಬೇಡ, ಬಾಗಿಲಿಗೆ ಒಯ್ದು ಹಗಲ ಬೆಳಕಿನಲ್ಲಿ ನೋಡು. ಅವನು "ಅಣ್ಣಾ, ಆ ಸೆಟ್ ಅವ್ರ ಅಪ್ಪ ಅವ್ವ ಆರಿಸ್ಯಾರ" ಎಂದ. ಉಡುಗೊರೆಯ ಬಗ್ಗೆ ಮೇಲೆ ಅಷ್ಟೆಲ್ಲ ಬರೆದ ನಾನು ಇದಕ್ಕೆ ಮರುಮಾತಾಡುವ ಹಾಗಿರಲಿಲ್ಲ.

ಹಳೆಯ ಈ ವ್ಯಾಕರಣವನ್ನು ಹೊಗಳುತ್ತ ಹೋದರೆ ನಾನೂ ಸುಳ್ಳಾಡಿದಂತಾಗುತ್ತದೆ. ಬಣ್ಣ ಎಲ್ಲಿರಬೇಕು ಎಂದು ಗೊತ್ತಿದ್ದ ಸಮಾಜಕ್ಕೆ ಅದು ಯಾರ ತಲೆಯ ಮೇಲೆ ಇರಬಾರದು ಎಂಬುದೂ ಚೆನ್ನಾಗಿ ಗೊತ್ತಿತ್ತು. ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶಗಳಲ್ಲಿ ಸಾಫಾ ಸುತ್ತಿ ಕುದುರೆ ಏರಿದ ದಲಿತ ಮದುಮಗನ ದಿಬ್ಬಣದ ಮೇಲೆ ಕಲ್ಲು ಬಿದ್ದ ಸುದ್ದಿ, ಪೊಲೀಸರ ಕಾವಲಿನಲ್ಲಿ ದಿಬ್ಬಣ ಹೊರಟ ಸುದ್ದಿ ಈ ದಶಕದ ಪತ್ರಿಕೆಗಳಲ್ಲೇ ಇವೆ. ಪುರವಣಿಯ ಬರಹದಲ್ಲಿ ಸಾಫಾ ಒಂದು ಅಲಂಕಾರ. ಜುಬ್ಬಾಕ್ಕೆ ಹೊಂದುವಂತೆ ಲೆಹರಿಯಾ ತೆಗೆದುಕೊಳ್ಳಿ, ಬಾಂಧಣಿ ಆದರೆ ಇನ್ನೂ ಚೆಂದ ಎಂಬ ಒಂದು ಸಾಲು. ಅದೇ ಬಟ್ಟೆಯನ್ನು ಕಟ್ಟಿಕೊಳ್ಳಲು ಒಬ್ಬನಿಗೆ ಪೊಲೀಸ್ ವ್ಯಾನು ಬೇಕಾಗುತ್ತದೆ. ಅಂಬೇಡ್ಕರ್ ಅವರ ಸೂಟನ್ನು ನಾನು ಅರ್ಥಮಾಡಿಕೊಳ್ಳುವುದು ಈ ಹಿನ್ನೆಲೆಯಲ್ಲಿ. ಊರೂರಿನ ಪ್ರತಿಮೆಗಳಲ್ಲಿ ಅದು ಕಡುನೀಲಿ. ಹಳೆಯ ಯಾವ ವ್ಯಾಕರಣವೂ ಅವರಿಗೆ ಕೊಡದೆ ಇದ್ದ ಉಡುಪು ಅದು. ನಮ್ಮ ಸಂಬಂಧಿಕರಲ್ಲೇ ಮದುವೆಗಳಲ್ಲಿ ನಡೆಮಡಿ ಹಾಸುವ ಕೆಲಸ ಮಾಡಿದವರಿದ್ದಾರೆ. ದಿಬ್ಬಣದವರು ನಡೆಯುವ ದಾರಿಗೆ ಮಡಿಬಟ್ಟೆ ಹಾಸುತ್ತ, ಹಿಂದಿನದನ್ನು ಎತ್ತಿ ಮುಂದೆ ಹಾಸುತ್ತ ಬಗ್ಗಿಕೊಂಡೇ ಹೋಗುವುದು. ಬಗ್ಗಿದವನಿಗೆ ಮದುಮಗನ ಧೋತರದ ದಡಿ ಮಾತ್ರ ಕಾಣುತ್ತದೆ, ಅವನ ರುಮಾಲು ಕಾಣುವುದಿಲ್ಲ.

ಈ ಕಾರಣಕ್ಕೇ ಅಂಗಡಿಗೆ ಹೋಗಿ ತನಗೆ ಬೇಕಾದ ಬಣ್ಣ ಆರಿಸುವುದು ನನಗೆ ಕ್ಷುಲ್ಲಕ ವಿಷಯವಲ್ಲ. ಮಾರುಕಟ್ಟೆಯನ್ನು ಬೈಯುವುದು ವಿಮರ್ಶೆಯಲ್ಲಿ ರೂಢಿ. ಆದರೆ ಅಗಸರ ಹುಡುಗನೊಬ್ಬ ದುಡ್ಡು ಕೊಟ್ಟು ಗುಲಾಬಿ ಜುಬ್ಬಾ ಕೇಳಬಹುದಾದ ಜಾಗವನ್ನು ತೆರೆದದ್ದು ಆ ಮಾರುಕಟ್ಟೆಯೇ. ತೆರೆದ ಮೇಲೆ ಬಾಗಿಲಲ್ಲಿ ಮೈಬಣ್ಣ ಕೇಳುತ್ತ ನಿಂತದ್ದೂ ಅದೇ.

ಕಪ್ಪಗಿರುವವರು ಕಡು ಬಣ್ಣ ತೊಡಬಾರದು ಎಂಬ ನಿಯಮ ಕಣ್ಣಿನ ನಿಯಮವಂತೂ ಅಲ್ಲ. ಪ್ಯಾರಿಸಿನ ಗೋಬ್ಲಾಂ ಚಿತ್ರಕಂಬಳಿಗಳ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೊಲ್ ಎಂಬ ರಸಾಯನವಿಜ್ಞಾನಿಗೆ ಒಂದು ದೂರು ಬಂತು: ಕಪ್ಪು ನೂಲು ಸಪ್ಪೆಯಾಗಿದೆ ಎಂದು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿರಲಿಲ್ಲ, ಅದರ ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಸಪ್ಪೆ ಮಾಡುತ್ತಿದ್ದವು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಾಯಿಸುತ್ತವೆ ಎಂದು ಅವನು 1839ರಲ್ಲಿ ಪುಸ್ತಕವನ್ನೇ ಬರೆದ. ಅಂದರೆ ಕಪ್ಪು ಮೈಗೆ ಯಾವ ಬಣ್ಣವೂ ತಾನಾಗಿ ಒಪ್ಪುವುದೂ ಇಲ್ಲ, ಒಪ್ಪದಿರುವುದೂ ಇಲ್ಲ. ಎರಡೂ ಸೇರಿ ಏನೋ ಒಂದು ಆಗುತ್ತದೆ. ಜಾತ್ರೆಯಲ್ಲಿ ಬಿಸಿಲಿಗೆ ಕರಕಲಾದ ನಮ್ಮ ಕಡೆಯ ಮುದುಕರ ಮುಖದ ಮೇಲೆ ಕೆಂಪು, ಗುಲಾಬಿ ರುಮಾಲುಗಳನ್ನು ನೋಡಿದವರಿಗೆ ಇದಕ್ಕೆ ಶೆವ್ರೊಲ್‌ನ ಸಾಕ್ಷಿ ಬೇಕಿಲ್ಲ. ಆದರೆ ಆ ಬಣ್ಣಗಳಿಗೆ ನಾವು ಇಟ್ಟ ಹೆಸರು 'ಜಾತ್ರೆ ಬಣ್ಣ'. ಬೈಗುಳ ಬಣ್ಣಕ್ಕಲ್ಲ, ಅದನ್ನು ತೊಡುವ ಮೈಗೆ.

'ಸಾಂಪ್ರದಾಯಿಕ' ಎಂಬ ಪದದ ಬಗ್ಗೆಯೂ ಒಂದು ಮಾತು. ನಾನು ಆಸೆಪಟ್ಟ ಆ ಕಣ್ಣು ಕೋರೈಸುವ ರಾಣಿ ಪಿಂಕ್ ಬಹಳ ಹಳೆಯದೇನಲ್ಲ. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನ ವಸ್ತುವಿನಿಂದ ನೇರಳೆ ಬಣ್ಣ ತೆಗೆದ; ಮೂರು ವರ್ಷಗಳಲ್ಲಿ ಅದರ ಬೆನ್ನಿಗೇ ಫ್ರಾನ್ಸಿನಲ್ಲಿ ಮೆಜೆಂಟಾ ಬಂತು. ಅದಕ್ಕೂ ಮುಂಚಿನ ಗುಲಾಬಿ ಕುಸುಬೆಯ ಹೂವಿನದು. ನಮ್ಮ ಎರೆಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಮುಳ್ಳು ಕುಸುಬೆ. ಅದರ ಎಸಳಿನ ಹಳದಿಯನ್ನು ನೀರಿನಲ್ಲಿ ತೊಳೆದು ತೆಗೆದ ಮೇಲೆ, ಖಾರದ ನೀರಿನಲ್ಲಿ ಗುಲಾಬಿ ಇಳಿಯುತ್ತದೆ. ಬಹಳ ಚೆಂದದ ಬಣ್ಣ, ಆದರೆ ಬಿಸಿಲಿಗೂ ಒಗೆತಕ್ಕೂ ನಿಲ್ಲುವುದಿಲ್ಲ. ಮತ್ತೆ ಮತ್ತೆ ಬಣ್ಣ ಕಟ್ಟಿಸಲು ಶಕ್ತಿಯಿದ್ದವರಿಗೆ ಮಾತ್ರ ಗುಲಾಬಿ ದಕ್ಕುತ್ತಿತ್ತು. ರಾಸಾಯನಿಕ ಬಣ್ಣ ಅದನ್ನು ಜಾತ್ರೆಗೆ ತಂದಿತು. ಜಾತ್ರೆಗೆ ಬಂದ ಕೂಡಲೇ ಅದು 'ಗಾಂವಟಿ' ಆಯಿತು.

ತಮ್ಮನ ಮದುವೆಗೆ 'ಹಳದಿ ಕಾರ್ಯಕ್ರಮ' ಎಂಬುದೊಂದು ಸೇರಿಕೊಂಡಿತ್ತು. ನಮ್ಮಲ್ಲಿ ಸುರಗಿ ಸುತ್ತಿ ಅರಿಷಿಣ ಹಚ್ಚಿ ನೀರು ಹಾಕುವುದು ಮೊದಲಿನಿಂದಲೂ ಇದೆ. ಅದಕ್ಕೆ ಮದುಮಗ ಉಡುತ್ತಿದ್ದದ್ದು ಮನೆಯ ಹಳೇ ಬಿಳಿ ಬನಿಯನ್ನು, ಹಳೇ ಪಂಚೆ, ಏಕೆಂದರೆ ಅರಿಷಿಣದ ಕಲೆ ಹೋಗುವುದಿಲ್ಲ. ಸಾಬೂನು ತಾಗಿದರೆ ಅದು ಕೆಂಪಾಗುತ್ತದೆ. ಬಿಸಿಲೊಂದೇ ಅದನ್ನು ನಿಧಾನವಾಗಿ ತೆಗೆಯಬಲ್ಲದು. ಆ ಬನಿಯನ್ನಿನ ಹಳದಿ ಆ ದಿನ, ಅತ್ತೆಯಂದಿರ, ಚಿಗವ್ವಂದಿರ ಕೈಯಿಂದ ಬಂದದ್ದು. ಈಗ ಅರಿಷಿಣದ ಕಲೆ ಕಾಣಬಾರದು ಎಂದು ಮೊದಲೇ ಹಳದಿಯಾದ ಜುಬ್ಬಾ ಕೊಳ್ಳುತ್ತಾರೆ,ಕೇಳಿದ ಎಲ್ಲ ಗಂಡಸರಿಗೂ ಒಂದೇ ಹಳದಿ. ಫೋಟೊಗಳು ಚೆನ್ನಾಗಿ ಬಂದಿವೆ, ಸುಳ್ಳು ಹೇಳಲಾರೆ. ಅಪ್ಪ ಮಾತ್ರ ಹಳೇ ಬನಿಯನ್ನಿನಲ್ಲೇ ನಿಂತಿದ್ದರು. ಗುಂಪು ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅವರೇ.

ನನ್ನ ಜುಬ್ಬಾದ ಕಥೆ ಮುಗಿಸುತ್ತೇನೆ. ಹುಬ್ಬಳ್ಳಿಯಿಂದ ಬಂದ ವಾರಕ್ಕೆ ಗುಳೇದಗುಡ್ಡಕ್ಕೆ ಹೋಗಿ ಒಬ್ಬ ನೇಕಾರರ ಮನೆಯಲ್ಲಿ ಗುಲಾಬಿ ಮೈಯ ಖಣ ತೆಗೆದುಕೊಂಡೆ. ಖಣ ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ, ಪನ್ನಾ ಕಡಿಮೆ. ಈಗೀಗ ಅದರಲ್ಲಿ ಗಂಡಸರ ಕೋಟು, ಜುಬ್ಬಾ ಹೊಲಿಸುತ್ತಾರಾದರೂ ನಮ್ಮ ಊರಿನ ಟೇಲರ್ ಕಾಕಾಗೆ ಅದು ಹೊಸದು. ಅವರು ಬಟ್ಟೆ ಹರವಿ, ತಿರುಗಿಸಿ ನೋಡಿ, "ತಮ್ಮಾ, ಇದು ಕುಪ್ಪಸದ ಖಣ ಅಲ್ಲೇನೋ? ಅವ್ವಂದು ತಪ್ಪಿ ತಂದೀಯೇನು?" ಎಂದರು. ನನಗೇ ಎಂದಾಗ ನಕ್ಕರು. ನಕ್ಕ ಮೇಲೆ ಗಂಭೀರವಾಗಿ, ಪನ್ನಾ ಸಾಲದೆ ಬಗಲಿಗೆ ಜೋಡು ಬರುತ್ತದೆ, ಜೋಡು ಕಾಣದ ಹಾಗೆ ಹೊಲಿಯಬೇಕೋ, ಬೇರೆ ಬಣ್ಣ ಹಾಕಿ ಕಾಣುವ ಹಾಗೆ ಹೊಲಿಯಬೇಕೋ ಎಂದು ಕೇಳಿದರು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಪುರವಣಿಯೂ ನನಗೆ ಕೇಳಿರಲಿಲ್ಲ. ಕಾಣುವ ಹಾಗೆ ಎಂದೆ. ಬಗಲಿಗೆ ಕಡುಹಸಿರು ಬಂತು. ಕೆಳಗೆ ಬಿಳಿ ಧೋತರ, ಬೇರೇನೂ ಇಲ್ಲ.

ಮದುವೆಯಲ್ಲಿ ಒಬ್ಬ ದೊಡ್ಡಪ್ಪ "ಯಾವ ಕಂಪನಿ ನಾಟಕದಾಗ ಪಾರ್ಟ್ ಐತೋ?" ಎಂದು ಕೇಳಿದರು. ಇಬ್ಬರು ಅಳಿಯಂದಿರು ಎಲ್ಲಿ ಹೊಲಿಸಿದೆ ಎಂದು ಕೇಳಿ ನಂಬರು ಬರೆದುಕೊಂಡರು. ಹೆಣ್ಣಿನ ಕಡೆಯ ಒಬ್ಬ ಅಜ್ಜಿ ಹತ್ತಿರ ಬಂದು ಬಟ್ಟೆ ಮುಟ್ಟಿ, ತನ್ನ ಮದುವೆಯ ಕುಪ್ಪಸ ಇದೇ ಬಣ್ಣದ್ದಿತ್ತು ಎಂದಳು.

ಮರುದಿನ ಮನೆಯಲ್ಲಿ ಬಟ್ಟೆಗಳ ರಾಶಿ. ನಮ್ಮ ಮನೆಯ ಮದುವೆ, ನಮ್ಮದೇ ಬಟ್ಟೆ. ನನ್ನ ಜುಬ್ಬಾವನ್ನು ನಾನೇ ಮೆಷಿನ್ನಿಗೆ ಹಾಕಲು ಹೊರಟಾಗ ಅಪ್ಪ ತಡೆದು, ಬಚ್ಚಲಿಗೆ ಒಯ್ದು, ಬಕೀಟಿನ ತಣ್ಣೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಅದ್ದಿದರು. ನೀರು ಗುಲಾಬಿಯಾಯಿತು. ನಾನು ದುಡ್ಡು ಹೋಯಿತೆಂದು ಮುಖ ಸಣ್ಣ ಮಾಡಿಕೊಂಡೆ. ಅಪ್ಪ ಜುಬ್ಬಾವನ್ನು ಮೇಲೆತ್ತಿ, ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, ಮತ್ತೆ ನೀರಿಗೆ ಬಿಟ್ಟರು.

"ಬಣ್ಣ ಬಿಡತೈತಿ. ಮೂರು ನೀರಿಗೆ ನಿಂದರತೈತಿ ತಗೋ."